ಬಾಲಬೋಧೆಗೆ ಮೊದಲು ಬಂದ ಗ್ರಂಥ: ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ತಂಡದ ಮೊದಲ ಆಲ್ಬಂ



1967ರ ಅಕ್ಟೋಬರಿನಲ್ಲಿ ಅಮೆರಿಕದ ಎಪಿಕ್ ಕಂಪನಿ ಹನ್ನೆರಡು ಹಾಡುಗಳ ಒಂದು ಎಲ್‌ಪಿಯನ್ನು ಹೊರತಂದಿತು. ಹೆಸರು ‘ಎ ಹೋಲ್ ನ್ಯೂ ಥಿಂಗ್’. ಹಾಡಿದ, ನುಡಿಸಿದ ಆರು ಜನರ ತಂಡದ ಹೆಸರು ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್. ಎಲ್ಲವೂ ಹೊಸದು ಎಂದು ಮುಖಪುಟದಲ್ಲೇ ಸಾರಿಕೊಂಡ ಈ ತಟ್ಟೆಯನ್ನು ಕೊಳ್ಳುವವರು ಹೆಚ್ಚು ಸಿಗಲಿಲ್ಲ. ಮಾರಾಟದ ಪಟ್ಟಿಗೆ ಅದು ಏರಲೇ ಇಲ್ಲ. ಕೆಲವೇ ತಿಂಗಳಲ್ಲಿ ಅದೇ ತಂಡದ ‘ಡಾನ್ಸ್ ಟು ದ ಮ್ಯೂಸಿಕ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೆಯ ಸ್ಥಾನ ಹಿಡಿಯಿತು. 1969ರ ಆರಂಭದಲ್ಲಿ ‘ಎವೆರಿಡೇ ಪೀಪಲ್’ ಒಂದನೆಯ ಸ್ಥಾನಕ್ಕೆ ಬಂತು. ಆ ಆಗಸ್ಟಿನಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದ ಜನಸಾಗರವನ್ನು ನಡುರಾತ್ರಿ ದಾಟಿದ ಮೇಲೆ ಎಬ್ಬಿಸಿ ಕುಣಿಸಿದ್ದೂ ಇವರೇ. ಹೀಗೆ ಮುಂದೆ ನಡೆದದ್ದು ಅಷ್ಟು ದೊಡ್ಡದಾದ್ದರಿಂದ ಮೊದಲ ಆಲ್ಬಂ ಚರಿತ್ರೆಕಾರರ ಕೈಯಲ್ಲಿ ಒಂದು ಪ್ಯಾರಾಕ್ಕೆ ಇಳಿದುಬಿಟ್ಟಿದೆ. ಪ್ರತಿಭೆ ಇತ್ತು, ಹದ ಇರಲಿಲ್ಲ. ಎಲ್ಲವನ್ನೂ ಒಟ್ಟಿಗೆ ತುರುಕಿದರು. ಆಮೇಲೆ ಪಾಠ ಕಲಿತರು. ರೂಢಿಯ ತೀರ್ಪು ಇದು. ಈ ತೀರ್ಪು ತಲೆಕೆಳಗಾಗಿದೆ ಎಂಬುದು ನನ್ನ ವಾದ. ಮೊದಲ ಆಲ್ಬಂ ಪೂರ್ಣವಾದ ಗ್ರಂಥ. ಅದನ್ನು ಓದಬಲ್ಲವರು ಆಗ ಇರಲಿಲ್ಲವಾದ್ದರಿಂದ ಅದರ ಬಾಲಬೋಧೆಯನ್ನು ಆಮೇಲೆ ಬರೆಯಬೇಕಾಯಿತು. ‘ಡಾನ್ಸ್ ಟು ದ ಮ್ಯೂಸಿಕ್’ ಆ ಬಾಲಬೋಧೆ.

ಸ್ಲೈ ಸ್ಟೋನ್ ಎಂದು ಹೆಸರಾದ ಸಿಲ್ವೆಸ್ಟರ್ ಸ್ಟೀವರ್ಟ್ ಹುಟ್ಟಿದ್ದು 1943ರಲ್ಲಿ, ಟೆಕ್ಸಾಸಿನ ಡೆಂಟನ್‌ನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ವಲ್ಲೇಹೊ ಊರಿನಲ್ಲಿ. ಮನೆಯವರು ಪೆಂಟೆಕೋಸ್ಟಲ್ ಸಂಪ್ರದಾಯದ ಚರ್ಚಿಗೆ ಸೇರಿದವರು, ಮಕ್ಕಳು ಹಾಡುತ್ತಲೇ ಬೆಳೆದರು. 1952ರಲ್ಲೇ ಒಡಹುಟ್ಟಿದವರಲ್ಲಿ ನಾಲ್ವರು ಸೇರಿ ಒಂದು ಭಕ್ತಿಗೀತೆಯ ತಟ್ಟೆ ಮಾಡಿದ್ದರು. ಪ್ರೌಢಶಾಲೆಯಲ್ಲಿ ಕರಿಯರೂ ಬಿಳಿಯರೂ ಫಿಲಿಪಿನೊ ಮೂಲದವರೂ ಇದ್ದ ಒಂದು ಗಾಯನ ತಂಡದಲ್ಲಿದ್ದ ಹುಡುಗ, ಆಮೇಲೆ ವಲ್ಲೇಹೊದ ಕಾಲೇಜಿನಲ್ಲಿ ಸಂಗೀತಶಾಸ್ತ್ರವನ್ನು ಶಿಸ್ತಿನಿಂದ ಓದಿದ. ಇಪ್ಪತ್ತರ ಆಸುಪಾಸಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಆಟಮ್ ರೆಕಾರ್ಡ್ಸ್ ಎಂಬ ಸಣ್ಣ ಕಂಪನಿಗೆ ನಿರ್ಮಾಪಕನಾದ. ಅಲ್ಲಿ ಅವನ ಕೈಯಲ್ಲಿ ಆದ ಕೆಲಸದ ಹರಹನ್ನು ಗಮನಿಸಬೇಕು. ಕರಿಯ ಗಾಯಕ ಬಾಬಿ ಫ್ರೀಮನ್‌ಗೆ 1964ರಲ್ಲಿ ಒಂದು ಕುಣಿತದ ಹಾಡನ್ನು ಮಾಡಿ 5ನೆಯ ಸ್ಥಾನಕ್ಕೆ ಏರಿಸಿದ. ಬೋ ಬ್ರಮಲ್ಸ್ ಎಂಬ ಬಿಳಿಯ ಹುಡುಗರ ತಂಡಕ್ಕೆ ಬೀಟಲ್ಸ್ ಧಾಟಿಯ ಹಾಡುಗಳನ್ನು ಮುದ್ರಿಸಿಕೊಟ್ಟ. ಗ್ರೇಸ್ ಸ್ಲಿಕ್ ಇದ್ದ ಗ್ರೇಟ್ ಸೊಸೈಟಿ ತಂಡ, ಅಂದರೆ ಹಿಪ್ಪಿ ಯುಗದ ಬಾಗಿಲಲ್ಲಿ ನಿಂತಿದ್ದ ತಂಡ, ಅವನ ಮುಂದೆಯೇ ಮೈಕ್ ಹಿಡಿಯಿತು. ಜೊತೆಗೆ ರೇಡಿಯೊ ಕೆಲಸವೂ ಇತ್ತು. ಕೆಎಸ್‌ಒಎಲ್ ಎಂಬ, ಕರಿಯ ಕೇಳುಗರಿಗಾಗಿ ಸೋಲ್ ಸಂಗೀತ ಹಾಕುತ್ತಿದ್ದ ಕೇಂದ್ರದಲ್ಲಿ ಡಿಸ್ಕ್ ಜಾಕಿಯಾಗಿದ್ದುಕೊಂಡು, ನಡುನಡುವೆ ಡಿಲನ್ ಮತ್ತು ಬೀಟಲ್ಸ್ ಹಾಕಿ ಕೇಳುಗರನ್ನು ತಬ್ಬಿಬ್ಬು ಮಾಡುತ್ತಿದ್ದ. ಹೀಗಾಗಿ 1967ರ ಆಲ್ಬಮ್ಮಿನಲ್ಲಿರುವ ಸಂಗೀತಗಳ ಬೆರಕೆ ಯಾರೋ ಹೊಸಬನ ಹುಮ್ಮಸ್ಸಲ್ಲ. ಐದು ಜಾತಿಯ ಸಂಗೀತವನ್ನು ಒಂದೊಂದನ್ನೂ ಅದರದರ ನಿಯಮದಲ್ಲಿ ಮಾಡಿಕೊಡುವುದನ್ನು ಕಸುಬಾಗಿ ಕಲಿತಿದ್ದವನು ಮಾಡಿದ್ದು ಅದು. ಅವನಿಗೆ ಹದ ಗೊತ್ತಿರಲಿಲ್ಲ ಎನ್ನುವವರು ಈ ಮೂರು ವರ್ಷಗಳ ದಾಖಲೆಗೆ ಉತ್ತರ ಹೇಳಬೇಕಾಗುತ್ತದೆ.

ಆಗಿನ ಮಾರುಕಟ್ಟೆಯ ಕಪಾಟುಗಳು ಹೇಗಿದ್ದವು ಎಂಬುದನ್ನೂ ನೆನೆಯಬೇಕು. ಬಿಲ್‌ಬೋರ್ಡ್ ಪತ್ರಿಕೆ ಎರಡು ಪಟ್ಟಿ ಇಟ್ಟುಕೊಂಡಿತ್ತು: ಎಲ್ಲರದೂ ಎನ್ನಲಾದ ಪಾಪ್ ಪಟ್ಟಿ ಒಂದು, ಕರಿಯ ಗಿರಾಕಿಗಳ ರಿದಂ ಅಂಡ್ ಬ್ಲೂಸ್ ಪಟ್ಟಿ ಇನ್ನೊಂದು. 1963ರ ನವೆಂಬರಿನಲ್ಲಿ, ಎರಡೂ ಬಹುತೇಕ ಒಂದೇ ಆಗುತ್ತಿವೆ ಎಂದು, ಎರಡನೆಯದನ್ನು ನಿಲ್ಲಿಸಿದರು; 1965ರ ಜನವರಿಯಲ್ಲಿ ಮತ್ತೆ ತೆರೆದರು. ಕಪಾಟು ಬೇಡವೆಂದು ಕಂಡ ಹದಿನಾಲ್ಕು ತಿಂಗಳಾದ ಮೇಲೆ ಕಪಾಟು ಬೇಕೇ ಬೇಕು ಎನ್ನುವಂತಾಯಿತು. 1967ರಲ್ಲಿ ಆ ಗೋಡೆ ಇನ್ನೂ ಗಟ್ಟಿಯಾಗಿತ್ತು. ಜೂನ್ ತಿಂಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕರಿಯ–ಬಿಳಿಯರ ಮದುವೆಗಿದ್ದ ನಿಷೇಧಗಳನ್ನು ತೊಡೆದುಹಾಕಿತು; ಜುಲೈನಲ್ಲಿ ನೆವಾರ್ಕ್, ಡೆಟ್ರಾಯಿಟ್ ಜನಾಂಗೀಯ ಗಲಭೆಗಳಲ್ಲಿ ಹೊತ್ತಿ ಉರಿದವು. ಅದೇ ಜೂನ್ ತಿಂಗಳು ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಇಡೀ ಆಲ್ಬಮ್ಮನ್ನೇ ಒಂದು ಕೃತಿಯಾಗಿ ಕೇಳಬೇಕೆಂಬ ರೂಢಿಯನ್ನು ಬಲಪಡಿಸಿತು, ಅರೀಥಾ ಫ್ರಾಂಕ್ಲಿನ್‌ರ ‘ರೆಸ್ಪೆಕ್ಟ್’ ಪಟ್ಟಿಯ ನೆತ್ತಿಯಲ್ಲಿತ್ತು. ಜುಲೈನಲ್ಲಿ ಬಂದ ಜೇಮ್ಸ್ ಬ್ರೌನ್‌ರ ‘ಕೋಲ್ಡ್ ಸ್ವೆಟ್’ ಹಾಡಿನಲ್ಲಿ, ಮುಂದೆ ಫಂಕ್ ಎಂದು ಕರೆಯಲಾದದ್ದರ ಬುನಾದಿ ಕೇಳಿಸುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಫಂಕ್‌ನಲ್ಲಿ ಸ್ವರಸಂಗತಿಗಳ ಸಂಚಾರ ಕಡಿಮೆ. ಆವರ್ತದ ಮೊದಲ ಪೆಟ್ಟಿಗೆ ಎಲ್ಲ ಭಾರ, ಉಳಿದ ಪೆಟ್ಟುಗಳನ್ನು ಒಂದೊಂದು ವಾದ್ಯವೂ ತನ್ನದೇ ಲೆಕ್ಕದಲ್ಲಿ ಹಂಚಿಕೊಳ್ಳುತ್ತದೆ.

ಇನ್ನು ತಟ್ಟೆಯೊಳಕ್ಕೆ ಹೋಗೋಣ. ಮೊದಲ ಹಾಡು ‘ಅಂಡರ್‌ಡಾಗ್’. ಹಾಡು ಶುರುವಾಗುವುದಕ್ಕೆ ಮುಂಚೆ ತುತ್ತೂರಿ, ಸ್ಯಾಕ್ಸೊಫೋನುಗಳು ಒಂದು ರಾಗವನ್ನು ನಿಧಾನವಾಗಿ ಊದುತ್ತವೆ. ಕೇಳುಗನಿಗೆ ಗುರುತು ಸಿಗಲು ಒಂದು ಕ್ಷಣ ಬೇಕು: ಪಾಶ್ಚಾತ್ಯ ಮಕ್ಕಳೆಲ್ಲ ಶಿಶುವಿಹಾರದಲ್ಲಿ ಹಾಡುವ ‘ಫ್ರೇರ್ ಜಾಕ್’ ಅದು, ಆದರೆ ಮೈನರ್ ಸ್ಕೇಲಿಗೆ ತಿರುಗಿಸಿಕೊಂಡದ್ದು. (ಹೀಗೆ ತಿರುಗಿಸಿದವರಲ್ಲಿ ಸ್ಲೈ ಮೊದಲಿಗನಲ್ಲ, ಮಾಹ್ಲರ್ ತನ್ನ ಮೊದಲ ಸಿಂಫನಿಯ ಮೂರನೆಯ ಭಾಗದಲ್ಲಿ ಇದೇ ಶಿಶುಗೀತೆಯನ್ನು ಶವಯಾತ್ರೆಯ ನಡೆಗೆ ಒಗ್ಗಿಸಿದ್ದ.) ಮಕ್ಕಳ ಹಾಡಿಗೆ ಹೀಗೆ ಕಹಿ ಬೆರೆಸಿದ ಮರುಕ್ಷಣವೇ ಡ್ರಮ್ ಸಿಡಿದು ಹಾಡು ನಾಗಾಲೋಟಕ್ಕೆ ಬೀಳುತ್ತದೆ. ಸಾಹಿತ್ಯ ಹೇಳುವುದು, ಮೇಲಿನವರಷ್ಟೇ ಸಿಗಬೇಕಾದರೆ ಅವರಿಗಿಂತ ದುಪ್ಪಟ್ಟು ಯೋಗ್ಯನಾಗಬೇಕಾದವನ ಕಥೆ. ಇಲ್ಲಿ ಬೆರಕೆ ಎಲ್ಲಿದೆ? ರಾಕ್‌ನಿಂದ ಒಂದು ಚಮಚ, ಸೋಲ್‌ನಿಂದ ಒಂದು ಚಮಚ ಎಂಬ ಲೆಕ್ಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಸಮಾನವಾಗಿ ಕಲಿಸುವ ಹಾಡು, ಆ ಶಾಲೆಯಲ್ಲಿ ಸಮಾನವಾಗಿ ಕಾಣದವನ ಬಾಯಿಗೆ ಬಂದಾಗ ಅದರ ಸ್ಕೇಲ್ ಬದಲಾಗುತ್ತದೆ. ಎರಡು ಸಂಗೀತಗಳು ಒಂದು ಮತ್ತೊಂದರ ಮೇಲೆ ಟೀಕೆ ಬರೆಯುತ್ತವೆ. ವಾದ್ಯದಿಂದಲೇ ನಡೆದ ಈ ವಾದವನ್ನು ಗ್ರಹಿಸಲು ಕೇಳುಗ ಎರಡೂ ಕಡೆಯ ಸಂಗೀತವನ್ನು ಬಲ್ಲವನಾಗಿರಬೇಕು. ಸ್ಲೈ ಅಂಥ ಕೇಳುಗನಿದ್ದಾನೆ ಎಂದೇ ನಂಬಿ ಮಾಡಿದ, ಅದೂ ಮೊದಲ ಹಾಡಿನ ಮೊದಲ ಕೆಲವು ಸೆಕೆಂಡುಗಳಲ್ಲಿ.

ತಂಡದೊಳಗೆ ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದರಲ್ಲಿ ಬೆರಕೆಯ ಇನ್ನೊಂದು, ನನ್ನ ಎಣಿಕೆಯಲ್ಲಿ ಹೆಚ್ಚು ಆಳವಾದ, ರೂಪವಿದೆ. ಗಿಟಾರ್ ಸ್ಲೈನ ತಮ್ಮ ಫ್ರೆಡಿ. ಡ್ರಮ್ಸ್ ಗ್ರೆಗ್ ಎರಿಕೊ ಮತ್ತು ಸ್ಯಾಕ್ಸೊಫೋನ್ ಜೆರಿ ಮಾರ್ಟಿನಿ, ಇಬ್ಬರೂ ಬಿಳಿಯರು. ತುತ್ತೂರಿ ಸಿಂಥಿಯಾ ರಾಬಿನ್ಸನ್ ಎಂಬ ಕರಿಯ ಹೆಣ್ಣುಮಗಳದು. ಹೆಂಗಸರು ಮುಂದೆ ನಿಂತು ಹಾಡಬಹುದು, ಹಿಂದೆ ನಿಂತು ದನಿಗೂಡಿಸಬಹುದು, ಆದರೆ ಊದುವುದು ಗಂಡಸರ ಕೆಲಸ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲದಲ್ಲಿ. ಬಾಸ್ ಗಿಟಾರ್ ಲ್ಯಾರಿ ಗ್ರಹಾಂ. ತಾಯಿಯ ಜೊತೆ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದಾಗ ಡ್ರಮ್ಮರ್ ಇಲ್ಲದ ಕೊರತೆ ನೀಗಿಸಲು ಹೆಬ್ಬೆರಳಿನಿಂದ ತಂತಿಯನ್ನು ಬಡಿದು ದೊಡ್ಡ ಡ್ರಮ್ಮಿನ ಸದ್ದನ್ನೂ, ಬೆರಳಿನಿಂದ ಎಳೆದು ಬಿಟ್ಟು ಸಣ್ಣ ಡ್ರಮ್ಮಿನ ಸದ್ದನ್ನೂ ಹೊರಡಿಸಲು ಅವರು ಕಲಿತಿದ್ದರು. ತಂತಿವಾದ್ಯ ತಾಳವಾದ್ಯದ ಕೆಲಸ ವಹಿಸಿಕೊಂಡದ್ದು ಹೀಗೆ. ಆ ಶೈಲಿ ಪೂರ್ಣವಾಗಿ ಅರಳಿದ್ದು ಕೆಲವು ವರ್ಷಗಳ ಮೇಲೆ, 1970ರಲ್ಲಿ ಒಂದನೆಯ ಸ್ಥಾನಕ್ಕೇರಿದ ‘ಥ್ಯಾಂಕ್ ಯೂ’ ಹಾಡಿನಲ್ಲಿ. ಮೊದಲ ಆಲ್ಬಮ್ಮಿನಲ್ಲಿ ಅವರು ಇನ್ನೊಂದು ಅಚ್ಚರಿ ಕೊಡುತ್ತಾರೆ: ‘ಲೆಟ್ ಮಿ ಹಿಯರ್ ಇಟ್ ಫ್ರಮ್ ಯೂ’ ಎಂಬ ನಿಧಾನಗತಿಯ ಪ್ರೇಮಗೀತೆಯನ್ನು ಇಡಿಯಾಗಿ ತಮ್ಮ ಮಂದ್ರದ ದನಿಯಲ್ಲಿ ಹಾಡುತ್ತಾರೆ. ತಂಡಕ್ಕೆ ಹೆಸರು ಕೊಟ್ಟ ನಾಯಕ ಮೊದಲ ತಟ್ಟೆಯಲ್ಲೇ ಪಕ್ಕಕ್ಕೆ ಸರಿದು ಬಾಸ್ ನುಡಿಸುವವನಿಗೆ ಜಾಗ ಕೊಡುವುದು ಸೋಲ್ ಸಂಗೀತದ ಆಗಿನ ರೂಢಿಯಲ್ಲಿ ಸುಲಭವಾಗಿ ಕಾಣುವ ಸಂಗತಿಯಲ್ಲ.

ಈ ಆಲ್ಬಮ್ಮನ್ನು ಬಹುಮಟ್ಟಿಗೆ ಎಲ್ಲರೂ ಒಟ್ಟಿಗೆ ಕೂತು ನುಡಿಸಿ ಮುದ್ರಿಸಿದರು. ಮುಂದಿನ ಆಲ್ಬಂಗಳಲ್ಲಿ ಪದರದ ಮೇಲೆ ಪದರ ಹಾಕಿ ಕಟ್ಟುವ ವಿಧಾನ ಬಂತು. 1971ರ ಹೊತ್ತಿಗೆ ಸ್ಲೈ ಒಬ್ಬನೇ ಕೂತು ರಿದಂ ಯಂತ್ರದ ಜೊತೆ ನುಡಿಸುವಲ್ಲಿಗೆ ಮುಟ್ಟಿತು. ಅವೆಲ್ಲಕ್ಕಿಂತ ಇಲ್ಲಿ ತಂಡದ ನಿಜವಾದ ಶಬ್ದ ಹತ್ತಿರದಿಂದ ಸಿಗುತ್ತದೆ: ರೆಡ್‌ವುಡ್ ಸಿಟಿಯ ವಿಂಚೆಸ್ಟರ್ ಕ್ಯಾಥೀಡ್ರಲ್ ಎಂಬ ಕ್ಲಬ್ಬಿನಲ್ಲಿ ರಾತ್ರಿರಾತ್ರಿ ನುಡಿಸಿ ಪಳಗಿದ ಆರು ಜನರ ಶಬ್ದ. ಅದು ಒತ್ತೊತ್ತಾದದ್ದು ನಿಜ. ಎರಿಕೊನ ಡ್ರಮ್ ಸುಮ್ಮನೆ ತಾಳ ಹಾಕಿಕೊಂಡು ಕೂರುವುದಿಲ್ಲ, ಹಾಡಿನ ಸಾಲುಗಳ ನಡುವೆ ತೂರಿ ಮಾತಾಡುತ್ತದೆ. ಊದುವ ಜೋಡಿ ಪಲ್ಲವಿಗೆ ಒತ್ತು ಕೊಡುವ ಬದಲು ಅಡ್ಡ ಮಾತಾಡುತ್ತದೆ. ‘ಟ್ರಿಪ್ ಟು ಯುವರ್ ಹಾರ್ಟ್’ ಹಾಡಿನಲ್ಲಿ ದನಿಗಳು ಪ್ರತಿಧ್ವನಿಯಲ್ಲಿ ಅದ್ದಿ ತೆಗೆದಂತೆ ಊಳಿಡುತ್ತವೆ. ಹೆಸರು ಪ್ರೇಮಗೀತೆಯದು, ಪರಿಣಾಮ ದುಃಸ್ವಪ್ನದ್ದು. ಹಿಪ್ಪಿಗಳ ಭ್ರಮಾಲೋಕದ ಸಂಗೀತಕ್ಕೂ ಚರ್ಚಿನಲ್ಲಿ ಆವೇಶ ಬಂದಾಗಿನ ಕೂಗಿಗೂ ನಡುವಿನ ಗೆರೆ ಅಲ್ಲಿ ಅಳಿಸಿಹೋಗುತ್ತದೆ. ಅದನ್ನು ಕೇಳಿದ ಮೇಲೆ ‘ಎಲ್ಲವನ್ನೂ ತುರುಕಿದರು’ ಎನ್ನುವುದು ನನಗೆ ಸೋಮಾರಿತನದ ಮಾತಾಗಿ ಕಾಣುತ್ತದೆ.

ಮಾರಾಟವಾಗದ ತಟ್ಟೆಯನ್ನು ನೋಡಿ ಕಂಪನಿ ಸುಮ್ಮನಿರಲಿಲ್ಲ. ತಂಡವನ್ನು ಕರೆತಂದಿದ್ದ ಡೇವಿಡ್ ಕ್ಯಾಪ್ರಾಲಿಕ್ ಮತ್ತು ಕಂಪನಿಯ ಮೇಲಿನವರು ಜನಕ್ಕೆ ಹತ್ತಿರವಾಗುವಂಥದ್ದು ಬೇಕೆಂದು ಒತ್ತಾಯಿಸಿದರು. ಸ್ಲೈ ಮಾಡಿಕೊಟ್ಟ ‘ಡಾನ್ಸ್ ಟು ದ ಮ್ಯೂಸಿಕ್’ ಹಾಡನ್ನು ಈಗ ಮೊದಲ ಆಲ್ಬಮ್ಮಿನ ಪಕ್ಕದಲ್ಲಿಟ್ಟು ಕೇಳಿ. ಹಾಡಿನಲ್ಲಿ ಕಥೆಯಿಲ್ಲ, ಪ್ರೇಮವಿಲ್ಲ, ವಾದವೂ ಇಲ್ಲ. ಎದ್ದು ಕುಣಿಯಿರಿ ಎಂಬ ಕರೆ ಕೊಟ್ಟ ಮೇಲೆ ಹಾಡು ಒಂದೊಂದು ವಾದ್ಯವನ್ನೂ ಪರಿಚಯಿಸುತ್ತಾ ಹೋಗುತ್ತದೆ: ಮೊದಲು ಡ್ರಮ್ ಒಂದೇ, ಅದಕ್ಕೆ ಗಿಟಾರ್ ಸೇರಿಕೊಳ್ಳುತ್ತದೆ, ಆಮೇಲೆ ಗ್ರಹಾಂರ ಮಂದ್ರದ ದನಿಯ ಮುನ್ಸೂಚನೆಯೊಂದಿಗೆ ಬಾಸ್, ಆರ್ಗನ್, ಕೊನೆಗೆ ಜೆರಿ ಮತ್ತು ಸಿಂಥಿಯಾ ಹೆಸರು ಹಿಡಿದು ಕರೆಸಿಕೊಂಡು ಊದುತ್ತಾರೆ. ಒಂದು ಯಂತ್ರವನ್ನು ಬಿಚ್ಚಿಟ್ಟು, ಇದು ಇದು ಅಂತ ತೋರಿಸಿ, ಕೇಳುಗನ ಕಣ್ಣೆದುರೇ ಮತ್ತೆ ಜೋಡಿಸುವ ಪಾಠ ಇದು. ಯಾವ ಯಂತ್ರ ಅದು? ‘ಅಂಡರ್‌ಡಾಗ್’ ಹಾಡಿನಲ್ಲಿ ಪೂರ್ತಿ ಜೋಡಿಸಿದ ಸ್ಥಿತಿಯಲ್ಲಿ, ವಿವರಣೆಯಿಲ್ಲದೆ, ಪೂರ್ಣ ವೇಗದಲ್ಲಿ ಓಡಿದ್ದ ಅದೇ ಯಂತ್ರ. ಹೊಸದಾಗಿ ಸೇರಿದ್ದು ವಿವರಣೆ ಮಾತ್ರ, ತೆಗೆದುಹಾಕಿದ್ದು ಕಹಿಯನ್ನು. ಈ ಹೊಂದಾಣಿಕೆ ಸ್ಲೈಗೆ ಹಿಡಿಸಿರಲಿಲ್ಲವೆಂದು ಮಾರ್ಟಿನಿ ಆಮೇಲೆ ಹೇಳಿದ್ದುಂಟು. ನಾವಂತೂ ಹೇಸಬೇಕಾಗಿಲ್ಲ. ಒಳ್ಳೆಯ ಬಾಲಬೋಧೆ ಬರೆಯುವುದು ಸಣ್ಣ ವಿದ್ಯೆಯಲ್ಲ, ಅದನ್ನು ಕುಣಿಯುವಂತೆ ಬರೆಯುವುದು ಇನ್ನೂ ಅಪರೂಪ. ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಕೂಡಲೇ ಪಾಠ ಒಪ್ಪಿಸಿತು: 1968ರಲ್ಲಿ ನಾರ್ಮನ್ ವಿಟ್‌ಫೀಲ್ಡ್ ಟೆಂಪ್ಟೇಷನ್ಸ್ ತಂಡಕ್ಕೆ ಮಾಡಿದ ‘ಕ್ಲೌಡ್ ನೈನ್’ ಹಾಡಿನಲ್ಲಿ ಗಾಯಕರು ಸಾಲುಗಳನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವ ಬಗೆ ಸ್ಲೈ ತಂಡದಿಂದ ಬಂದದ್ದು.

ನನ್ನ ಈ ವಾದಕ್ಕೆ ಆಕ್ಷೇಪಗಳಿವೆ. ಮೊದಲನೆಯದು ಕಂಪನಿಯ ಪರವಾದದ್ದು: ಜನ ಕೊಳ್ಳಲಿಲ್ಲ, ಕುಣಿತದ ಸಂಗೀತಕ್ಕೆ ಜನ ಕುಣಿಯದಿದ್ದರೆ ಬೇರೆ ಯಾವ ಪರೀಕ್ಷೆ ಉಳಿಯಿತು? ವ್ಯಾಪಾರದ ಮಟ್ಟಿಗೆ ಕಂಪನಿ ಸರಿಯಾಗಿತ್ತು, ವಾದವೇ ಇಲ್ಲ. ಆದರೆ ಆ ಕಂಪನಿ ಕೇಳಿದ ಬದಲಾವಣೆ ಯಾವುದೆಂದು ನೋಡಿದರೆ, ತಂಡದ ಜನರನ್ನು ಬದಲಿಸಲಿಲ್ಲ (ತಂಗಿ ರೋಸ್ ಬಂದು ಸೇರಿದ್ದನ್ನು ಬಿಟ್ಟರೆ), ನಿರ್ಮಾಪಕನನ್ನು ಬದಲಿಸಲಿಲ್ಲ, ಬೆರಕೆಯನ್ನೂ ಬಿಡಿಸಲಿಲ್ಲ. ಸಾಮಗ್ರಿಯೇ ದೋಷವಾಗಿದ್ದರೆ ಅದೇ ಸಾಮಗ್ರಿ ತಿಂಗಳುಗಳ ಅಂತರದಲ್ಲಿ 8ನೆಯ ಸ್ಥಾನಕ್ಕೆ ಏರುತ್ತಿರಲಿಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಹಾಡುಗಳೇ ದುರ್ಬಲ, ಗುನುಗಲು ಒಂದೂ ನಾಲಗೆಗೆ ನಿಲ್ಲುವುದಿಲ್ಲ. ಇದರಲ್ಲಿ ಸತ್ಯಾಂಶವಿದೆ. ‘ಟರ್ನ್ ಮಿ ಲೂಸ್’ ಸೋಲ್ ಗಾಯಕ ಓಟಿಸ್ ರೆಡ್ಡಿಂಗ್‌ನ ನೆರಳಿನಿಂದ ಪೂರ್ತಿ ಹೊರಬರುವುದಿಲ್ಲ. ಎರಡನೆಯ ಮಗ್ಗುಲಿನ ಕೊನೆಕೊನೆಯ ಹಾಡುಗಳಲ್ಲಿ ಉಪಾಯ ಹೆಚ್ಚು, ಉಸಿರು ಕಡಿಮೆ. ಹನ್ನೆರಡರಲ್ಲಿ ಎಂಟನ್ನು ಮಾತ್ರ ನಾನು ಸಮರ್ಥಿಸಬಲ್ಲೆ. ಆದರೆ ಗುನುಗುವ ಪಲ್ಲವಿ ಇಲ್ಲ ಎಂಬ ದೂರು ಫಂಕ್ ಎಂಬ ಇಡೀ ಸಂಗೀತಕ್ಕೇ ತಾಗುವಂಥದ್ದು. ‘ಕೋಲ್ಡ್ ಸ್ವೆಟ್’ ಹಾಡನ್ನೂ ಯಾರೂ ಗುನುಗುವುದಿಲ್ಲ. ಆಸಕ್ತಿ ರಾಗದಿಂದ ವಾದ್ಯಗಳ ಪರಸ್ಪರ ನಡೆಗೆ ಸರಿದಿರುವ ಕಡೆ ರಾಗವನ್ನು ಹುಡುಕಿ ನಿರಾಶರಾಗುವುದು ಹುಡುಕಿದವರ ಪಾಡು.

ಮೂರನೆಯವರು ಹೇಳುತ್ತಾರೆ, ಹೊಸದೇನೂ ಇಲ್ಲ: ಕರಿಯರೂ ಬಿಳಿಯರೂ ಒಟ್ಟಿಗೆ ನುಡಿಸುವುದು 1962ರಿಂದಲೇ ಮೆಂಫಿಸ್‌ನ ಬುಕರ್ ಟಿ. ಅಂಡ್ ದ ಎಂಜೀಸ್ ತಂಡದಲ್ಲಿ ನಡೆದಿತ್ತು. ನಡೆದಿತ್ತು, ಅದ್ಭುತವಾಗಿಯೂ ನಡೆದಿತ್ತು. ಆ ತಂಡದ ಸೌಂದರ್ಯ ಇರುವುದು ಸಂಯಮದಲ್ಲಿ. ನಾಲ್ವರೂ ಒಂದೇ ನುಣುಪಾದ ಶೈಲಿಗೆ ತಮ್ಮನ್ನು ಒಪ್ಪಿಸಿಕೊಂಡರು, ಕೇಳುವವನಿಗೆ ಯಾರು ಎಲ್ಲಿಯವರೆಂದು ತಿಳಿಯದಂತೆ. ಸ್ಲೈ ತಂಡದ ಮೊದಲ ಆಲ್ಬಮ್ಮಿನಲ್ಲಿ ಆ ನುಣುಪಿಲ್ಲ. ಇಲ್ಲಿನ ಸಂಗೀತಗಳು ತಂತಮ್ಮ ಉಚ್ಚಾರಣೆಯನ್ನು ಬಿಟ್ಟುಕೊಡದೆ, ಜಗಳವಾಡಿಕೊಂಡೇ ಒಟ್ಟಿಗಿವೆ. ಮೆಂಫಿಸ್‌ನದು ಹೆಚ್ಚು ಹಿತ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಡೆಟ್ರಾಯಿಟ್ ಉರಿದ ವರ್ಷದ ಅಮೆರಿಕಕ್ಕೆ ಹೆಚ್ಚು ಪ್ರಾಮಾಣಿಕವಾದದ್ದು ಯಾವುದು ಎಂದು ಕೇಳಿದರೆ ನನ್ನ ಮತ ಎರಡನೆಯದಕ್ಕೆ.

ಉಳಿದದ್ದು ಹಿನ್ನೋಟದ ಆಕ್ಷೇಪ: ಮುಂದೆ ಆದದ್ದು ಗೊತ್ತಿರುವುದರಿಂದ ಹಿಂದಿನದರಲ್ಲಿ ಅದನ್ನು ಕಾಣುತ್ತಿದ್ದೀರಿ. ಇದಕ್ಕೆ ಎರಡು ಉತ್ತರ. ಒಂದು, ಹಿಂದಿನದನ್ನು ಹಿಂದಿನದಾಗಿ ಅಲ್ಲದೆ ಬರೀ ಶಬ್ದವಾಗಿ ಕೇಳಿದವರ ಸಾಕ್ಷ್ಯ. ಹಿಪ್‌ಹಾಪ್ ನಿರ್ಮಾಪಕರು ಹಳೆಯ ತಟ್ಟೆಗಳನ್ನು ಚರಿತ್ರೆಯ ಗೌರವಕ್ಕಾಗಿ ಕೊಳ್ಳುವವರಲ್ಲ, ಕಿವಿಗೆ ನಾಟುವ ತುಣುಕಿಗಾಗಿ ಕೆದಕುವವರು. 1990ರಲ್ಲಿ ಮಾರ್ಲಿ ಮಾರ್ಲ್ ಎಲ್‌ಎಲ್ ಕೂಲ್ ಜೆಗಾಗಿ ‘ಮಾಮಾ ಸೆಡ್ ನಾಕ್ ಯೂ ಔಟ್’ ಕಟ್ಟುವಾಗ ‘ಟ್ರಿಪ್ ಟು ಯುವರ್ ಹಾರ್ಟ್’ನ ಆ ಊಳನ್ನು ಎತ್ತಿಕೊಂಡರು. ಇಪ್ಪತ್ತಮೂರು ವರ್ಷ ಯಾರೂ ಕೇಳದ ಹಾಡೊಂದು ರ‍್ಯಾಪ್‌ನ ಅತಿ ಆಕ್ರಮಣಕಾರಿ ಹಾಡುಗಳಲ್ಲಿ ಒಂದರ ಬೆನ್ನೆಲುಬಾಯಿತು. ಎರಡನೆಯದು ಸ್ಲೈನ ಜೀವನವನ್ನು ಸಾಮಾನ್ಯವಾಗಿ ಹೇಳುವ ರೀತಿಗೆ ಸಂಬಂಧಿಸಿದ್ದು. ಆ ಕಥೆಯಲ್ಲಿ ಅವನು ಅರವತ್ತರ ದಶಕದ ಭರವಸೆಯ ಗಾಯಕ; ದಶಕ ಮುಗಿದು, ಮಾದಕ ವಸ್ತುಗಳು ಬಂದು, 1971ರ ‘ದೇರ್ಸ್ ಎ ರಾಯಟ್ ಗೋಯಿನ್ ಆನ್’ ಆಲ್ಬಮ್ಮಿನ ಕತ್ತಲೆಗೆ ಬಿದ್ದ. ಮೊದಲ ಆಲ್ಬಮ್ಮಿನ ಶೀರ್ಷಿಕೆಗಳನ್ನು ಓದಿಕೊಂಡು ಹೋದರೂ ಸಾಕು ಈ ಕಥೆ ನಿಲ್ಲುವುದಿಲ್ಲ: ಪ್ರೀತಿಸುವುದನ್ನೇ ದ್ವೇಷಿಸುವವನೊಬ್ಬ, ನಂಬಲು ಲಾಯಕ್ಕಿಲ್ಲದ ಪ್ರಿಯತಮೆಯೊಬ್ಬಳು, ಕೊನೆಗೆ ನಾಯಿಪಾಡಿನ ಪ್ರೇಮಿ. ಶಂಕೆ, ಕಹಿ, ಅಣಕ ಅಲ್ಲಿ ಆರಂಭದಿಂದಲೂ ಇದ್ದವು. 1968–69ರ ನಗುಮೊಗ ಎರಡು ಕತ್ತಲೆಗಳ ನಡುವಿನ ಒಂದು ಅಧ್ಯಾಯ, ಮತ್ತು ಅದು ಆರಂಭವಾದದ್ದು ಒಂದು ಕಂಪನಿಯ ಬೇಡಿಕೆಯಿಂದ.

ಇಷ್ಟಾದ ಮೇಲೂ ಉಳಿಯುವ ಕುತೂಹಲದ ಸಂಗತಿಯೆಂದರೆ 1971ರ ಆ ಆಲ್ಬಂ ಒಂದನೆಯ ಸ್ಥಾನಕ್ಕೆ ಏರಿದ್ದು. ಅದು 1967ರ ತಟ್ಟೆಗಿಂತ ಕಷ್ಟದ್ದು: ಶಬ್ದ ಮಸುಕು, ಗಾಯನ ಅರ್ಧ ಗೊಣಗು, ಸಂತೋಷದ ಹಾಡುಗಳು ಎರಡೋ ಮೂರೋ. ನಾಲ್ಕೇ ವರ್ಷದ ಹಿಂದೆ ಇದಕ್ಕಿಂತ ಸುಲಭವಾದದ್ದನ್ನು ತಳ್ಳಿಹಾಕಿದ್ದ ಅದೇ ಮಾರುಕಟ್ಟೆ ಇದನ್ನು ಹೇಗೆ ಒಪ್ಪಿತು? ಮಾರ್ಟಿನ್ ಲೂಥರ್ ಕಿಂಗ್‌ರ ಕೊಲೆಯಾಗಿತ್ತು, ದೇಶದ ಮನಸ್ಸು ಕದಡಿತ್ತು, ಅದು ಒಂದು ಕಾರಣ. ತಾರೆಯ ಹೆಸರಿನ ಬಲ ಇನ್ನೊಂದು. ಆದರೆ ಕಿವಿಗೂ ತರಬೇತಿ ಆಗಿತ್ತು. ಡ್ರಮ್ ಯಾವುದು, ಬಾಸ್ ಎಲ್ಲಿ ಸೇರುತ್ತದೆ, ದನಿ ಯಾರಿಂದ ಯಾರಿಗೆ ದಾಟುತ್ತದೆ ಎಂಬುದನ್ನು ಒಂದು ಕುಣಿತದ ಹಾಡು ಲಕ್ಷಾಂತರ ಜನರಿಗೆ ಕಲಿಸಿಯಾಗಿತ್ತು. ಮೈಲ್ಸ್ ಡೇವಿಸ್ ತಮ್ಮ 1972ರ ‘ಆನ್ ದ ಕಾರ್ನರ್’ ಆಲ್ಬಮ್ಮಿಗೆ ಸ್ಲೈನಿಂದ ಪಡೆದದ್ದನ್ನು ಮುಚ್ಚಿಡಲಿಲ್ಲ. ಹರ್ಬಿ ಹ್ಯಾಂಕಾಕ್ 1973ರ ‘ಹೆಡ್ ಹಂಟರ್ಸ್’ ಆಲ್ಬಮ್ಮಿನಲ್ಲಿ ಒಂದು ರಚನೆಗೆ ‘ಸ್ಲೈ’ ಎಂದೇ ಹೆಸರಿಟ್ಟರು. ಜಾಜ್‌ನ ಪಂಡಿತರೂ ಆ ಪಾಠಶಾಲೆಯನ್ನು ಹಾದುಹೋದರು. ಬಾಲಬೋಧೆ ಓದಿ ಅಕ್ಷರ ಕಲಿತವರೆಲ್ಲ ಮುಂದಿನ ಗ್ರಂಥಕ್ಕೆ ಹೋದರು. ಹಿಂದಿನದಕ್ಕೆ ಮರಳಿದವರು ವಿರಳ. 2007ರಲ್ಲಿ ತಂಡದ ಉಳಿದ ಆಲ್ಬಂಗಳ ಜೊತೆ ಅದೂ ಸಿಡಿಯಾಗಿ, ಆಗ ಬಿಟ್ಟಿದ್ದ ಕೆಲವು ಮುದ್ರಣಗಳನ್ನು ಸೇರಿಸಿಕೊಂಡು, ಮರಳಿ ಬಂತು. ಸ್ಲೈ 2025ರ ಜೂನ್ 9ರಂದು ತೀರಿಕೊಂಡಾಗ ಪತ್ರಿಕೆಗಳ ಶ್ರದ್ಧಾಂಜಲಿಗಳಲ್ಲಿ ವುಡ್‌ಸ್ಟಾಕ್ ಇತ್ತು, ‘ಎವೆರಿಡೇ ಪೀಪಲ್’ ಇತ್ತು, ‘ರಾಯಟ್’ ಇತ್ತು. ಮೊದಲ ಆಲ್ಬಮ್ಮಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ವಾಕ್ಯ, ಅದರಲ್ಲೂ ವಿಫಲ ಎಂಬ ವಿಶೇಷಣ.